ಉದ್ದ ತೋಳಿನ ಕೌದಿ ಯಂತ್ರ: ಮೊದಲ ಒಂದು ತಿಂಗಳು



ನಮ್ಮ ಸಂಘಗಳಲ್ಲಿ ಹೊಲಿಗೆ ಬಲ್ಲವರಿಗೆ ಕೊರತೆ ಇಲ್ಲ. ಬ್ಲೌಸ್, ಲಂಗ, ಶಾಲೆಯ ಸಮವಸ್ತ್ರ, ಚೀಲ ಹೊಲಿದು ಮನೆ ನಡೆಸುವ ಅಕ್ಕತಂಗಿಯರು ಪ್ರತಿ ಊರಿನಲ್ಲೂ ಸಿಗ್ತಾರೆ. ಕೌದಿಯಂತೂ ನಮ್ಮದೇ ವಿದ್ಯೆ. ಹಳೇ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ಅಂಚಿಗೆ ಎಳೆ ಹೊಲಿಗೆ ಹಾಕಿದ ಕೌದಿಯ ಮೇಲೆ ಮಲಗಿ ಬೆಳೆದವರು ನಾವು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರು ಹೊಲಿದ ಕವಂದಿಗಳನ್ನು ಅಮೆರಿಕದ ಪ್ರದರ್ಶನಗಳಲ್ಲೂ ಗೋಡೆಗೆ ತೂಗುಹಾಕಿದ್ದಾರೆ.

ಈಗ ಈ ಕೆಲಸಕ್ಕೂ ಒಂದು ಯಂತ್ರವಿದೆ. ಅದನ್ನು ‘ಲಾಂಗ್ ಆರ್ಮ್ ಕ್ವಿಲ್ಟಿಂಗ್ ಮೆಷಿನ್’ ಅಂತ ಕರೀತಾರೆ. ನಾವು ಉದ್ದ ತೋಳಿನ ಯಂತ್ರ ಅನ್ನೋಣ. ಒಕ್ಕೂಟದ ಹೊಲಿಗೆ ಕೇಂದ್ರಕ್ಕೆ ಇಂಥದ್ದೊಂದು ಬಂದರೆ, ಅಥವಾ ನಾಲ್ಕಾರು ಸಂಘಗಳು ಸೇರಿ ತರುವ ಯೋಚನೆ ಇದ್ದರೆ, ಪೆಟ್ಟಿಗೆ ಬಿಚ್ಚಿದ ದಿನದಿಂದ ಮೊದಲ ಒಂದು ತಿಂಗಳು ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲೇ ನನ್ನದೊಂದು ಅವಮಾನದ ಕಥೆ ಹೇಳ್ತೇನೆ. ನಾನು ಈ ಯಂತ್ರದ ಮುಂದೆ ನಿಂತಾಗ ನನಗೆ ಇಪ್ಪತ್ತು ವರ್ಷದ ಹೊಲಿಗೆಯ ಅನುಭವ ಇತ್ತು. ಒಂದು ದಿನ ಕಲಿತು, ಎರಡನೇ ದಿನವೇ ಮದುವೆ ಉಡುಗೊರೆಯ ಒಂದು ಹೊದಿಕೆಯನ್ನು ಚೌಕಟ್ಟಿಗೆ ಏರಿಸಿಬಿಟ್ಟೆ. ಮೇಲಿನಿಂದ ನೋಡಿದರೆ ಹೊಲಿಗೆ ಮಲ್ಲಿಗೆ ಪೋಣಿಸಿದ ಹಾಗೆ ಇತ್ತು. ಹೊಲಿದಂತೆ ಹೊದಿಕೆ ರೋಲರಿಗೆ ಸುತ್ತಿಕೊಳ್ಳುತ್ತಾ ಹೋಯ್ತು. ಸಂಜೆ ಬಿಚ್ಚಿ ತಿರುಗಿಸಿದರೆ ಅಡಿಯಲ್ಲಿ ಪೂರ್ತಿ ದಾರದ ಕುಣಿಕೆಗಳು! ಬೆರಳು ಸಿಕ್ಕಿಸಿ ಎಳೆದರೆ ಇಡೀ ಸಾಲು ಸರ್ರನೆ ಬಿಚ್ಚಿ ಬರ್ತಿತ್ತು. ಹೊಲಿದದ್ದು ಅರ್ಧ ದಿನ, ಬ್ಲೇಡು ಹಿಡಿದು ಬಿಚ್ಚಿದ್ದು ಮೂರು ದಿನ. ಕೂಲಿ ಹೋಯ್ತು, ಮದುವೆಯ ದಿನವೂ ದಾಟಿತು. ಆ ಗಿರಾಕಿ ಮತ್ತೆ ಬರಲಿಲ್ಲ.

ಯಂತ್ರದ ತಪ್ಪಲ್ಲ ಅದು. ಅಡಿಯಲ್ಲಿ ಏನಾಗ್ತಿದೆ ಅಂತ ನಾನು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ಬಟ್ಟೆ ನಿಲ್ಲುತ್ತದೆ, ಯಂತ್ರ ನಡೆಯುತ್ತದೆ

ನಮ್ಮ ಕಾಲು ತುಳಿಯುವ ಯಂತ್ರದಲ್ಲಿ ಯಂತ್ರ ಒಂದೇ ಕಡೆ ಇರ್ತದೆ, ಬಟ್ಟೆ ಮುಂದಕ್ಕೆ ಹೋಗ್ತದೆ. ಸೂಜಿಯ ಕೆಳಗಿನ ಹಲ್ಲುಗಳು ಬಟ್ಟೆಯನ್ನು ತಾವೇ ತಳ್ಳುತ್ತವೆ. ಉದ್ದ ತೋಳಿನ ಯಂತ್ರದಲ್ಲಿ ಇದು ತಿರುಗಾ ಮುರುಗಾ. ಬಟ್ಟೆಯನ್ನು ಮಂಚದಂಥ ಒಂದು ಚೌಕಟ್ಟಿಗೆ ಕಟ್ಟಿರ್ತಾರೆ, ಅದು ಅಲುಗಾಡುವುದಿಲ್ಲ. ಯಂತ್ರದ ತಲೆ ಚಕ್ರಗಳ ಮೇಲೆ, ಹಳಿಗಳ ಮೇಲೆ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಓಡಾಡ್ತದೆ. ನಾವು ನಿಂತುಕೊಂಡು ಸೈಕಲ್ ಹ್ಯಾಂಡಲ್ ಹಿಡಿದಂತೆ ಹಿಡಿದು ಅದನ್ನು ನಡೆಸಬೇಕು. ಬಟ್ಟೆ ತಳ್ಳುವ ಹಲ್ಲುಗಳು ಇದರಲ್ಲಿ ಇಲ್ಲವೇ ಇಲ್ಲ. ಅಂದರೆ ಟಾಕು ಉದ್ದವೋ ಗಿಡ್ಡವೋ ಎನ್ನುವುದು ನಮ್ಮ ಕೈ ಓಡುವ ವೇಗದ ಮೇಲೆ ನಿಂತಿದೆ.

ತೋಳು ಯಾಕೆ ಉದ್ದ? ಮನೆಯ ಯಂತ್ರದಲ್ಲಿ ಸೂಜಿಗೂ ಕಂಬಕ್ಕೂ ನಡುವೆ ಆರು ಎಂಟು ಇಂಚು ಜಾಗ. ದಪ್ಪ ಕೌದಿಯನ್ನು ಆ ಸಂದಿಯಲ್ಲಿ ತುರುಕಿ ತಿರುಗಿಸುವ ಕಷ್ಟ ಮಾಡಿದವರಿಗೇ ಗೊತ್ತು. ಇಲ್ಲಿ ಆ ಜಾಗ 18, 20, 26 ಇಂಚು, ಕೆಲವದರಲ್ಲಿ 30 ಇಂಚಿನವರೆಗೂ ಇರ್ತದೆ. ದೊಡ್ಡ ಚೌಕಟ್ಟು 10ರಿಂದ 12 ಅಡಿ ಉದ್ದ, ಕೆಲವು ಅದಕ್ಕೂ ಹೆಚ್ಚು.

ಕೈಯ ವೇಗ ನೋಡಿ ಅದಕ್ಕೆ ತಕ್ಕಂತೆ ಸೂಜಿ ಓಡಿಸುವ ‘ಸ್ಟಿಚ್ ರೆಗ್ಯುಲೇಟರ್’ ಎಂಬ ಉಪಕರಣ ಈಗಿನ ಹೆಚ್ಚಿನ ಯಂತ್ರಗಳಲ್ಲಿದೆ. ಇಂಚಿಗೆ 10 ಟಾಕು ಅಂತ ಹೇಳಿಟ್ಟರೆ ನೀವು ನಿಧಾನ ನಡೆಸಿದರೂ ಜೋರು ನಡೆಸಿದರೂ ಅದು ಹತ್ತೇ ಹಾಕಲು ನೋಡ್ತದೆ. ಕಲಿಯುವವರು ಇದನ್ನು ಚಾಲೂ ಇಟ್ಟೇ ಕಲಿಯಿರಿ. ಸುಮ್ಮನೆ ಜಂಬಕ್ಕೆ ಅದನ್ನು ಬಂದ್ ಮಾಡಿ ಹೊಲಿಯುವ ಅಗತ್ಯವಿಲ್ಲ.

ಈ ಯಂತ್ರ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿ 1980ರ ದಶಕದಿಂದ ಗ್ಯಾಮಿಲ್ ಮೊದಲಾದ ಕಂಪನಿಗಳು ಮನೆಯಲ್ಲೇ ದುಡಿಯುವ ಹೆಂಗಸರಿಗೆ ಇದನ್ನು ಮಾರುತ್ತಾ ಬಂದವು. ಅಲ್ಲಿನ ಪದ್ಧತಿ ಹೇಗೆಂದರೆ, ತುಂಡು ಬಟ್ಟೆ ಜೋಡಿಸಿ ಮೇಲ್ಬಟ್ಟೆ ಮಾಡುವವರು ಬೇರೆ, ಅದನ್ನು ಹತ್ತಿ ಹಾಸು, ಅಡಿ ಬಟ್ಟೆ ಸೇರಿಸಿ ಹೊಲಿದು ಕೊಡುವವರು ಬೇರೆ. ಹಿಟ್ಟಿನ ಗಿರಣಿಯ ಹಾಗೆ. ಕಾಳು ನಿಮ್ಮದು, ಬೀಸಿದ ಕೂಲಿ ಅವರದು. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರ್ತೇನೆ.

ಪ್ಲಗ್ ಹಾಕುವ ಮೊದಲು

ದಾನವಾಗಿಯೋ ಪ್ರಾಜೆಕ್ಟಿನಿಂದಲೋ ಹೊರದೇಶದಿಂದ ಯಂತ್ರ ಬಂದಿದ್ದರೆ, ಅದರ ಬೆನ್ನಿಗೆ ಅಂಟಿಸಿದ ತಗಡನ್ನು ಓದದೆ ಪ್ಲಗ್ ಹಾಕಲೇಬೇಡಿ. ಅಮೆರಿಕದ ಮನೆ ಕರೆಂಟು 120 ವೋಲ್ಟ್, ನಮ್ಮದು 230 ವೋಲ್ಟ್. ಅಲ್ಲಿಗೆಂದೇ ಮಾಡಿದ ಯಂತ್ರವನ್ನು ನಮ್ಮ ಗೋಡೆಗೆ ಚುಚ್ಚಿದರೆ ಒಂದು ಕ್ಷಣದಲ್ಲಿ ಒಳಗಿನ ಬೋರ್ಡು ಸುಟ್ಟು ಹೋಗಬಹುದು. ತಗಡಿನ ಮೇಲೆ 100ರಿಂದ 240 ಅಂತ ಇದ್ದರೆ ಭಯವಿಲ್ಲ. 110 ಅಥವಾ 120 ಅಂತ ಮಾತ್ರ ಇದ್ದರೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ತಿಳಿದ ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ಅರ್ಥಿಂಗ್ ಸರಿ ಇದೆಯಾ ಅಂತಲೂ ನೋಡಿಸಿ. ಹಳ್ಳಿ ಕರೆಂಟಿನ ಏರಿಳಿತಕ್ಕೆ ಒಂದು ಸ್ಟೆಬಿಲೈಜರ್ ಕೂಡ ಇರಲಿ. ಗುಡುಗು ಸಿಡಿಲಿನ ದಿನ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ತೆಗೆಯಿರಿ.

ಜಾಗದ ವಿಷಯ. ಚೌಕಟ್ಟಿನ ಉದ್ದದ ಲೆಕ್ಕ ಹಾಕಿ ಕೋಣೆ ಆರಿಸಿದರೆ ಸಾಲುವುದಿಲ್ಲ. ಸುತ್ತಲೂ ಒಬ್ಬರು ಆರಾಮವಾಗಿ ನಡೆದಾಡುವಷ್ಟು, ಅಂದರೆ ಹೆಚ್ಚು ಕಡಿಮೆ 3 ಅಡಿ ಬಿಡಬೇಕು. ಹಿಂಬದಿಗೆ ಹೋಗಿಯೂ ಕೆಲಸ ಇರ್ತದೆ. ಮಳೆ ಸೋರುವ ಮಾಡು, ಒಲೆಯ ಹೊಗೆ, ಇಲಿ ಕಾಟ ಇರುವ ಕೋಣೆ ಬೇಡ. ಇಲಿಗೆ ವೈರು ಅಂದರೆ ಬಹಳ ಇಷ್ಟ.

ಚೌಕಟ್ಟು ಜೋಡಿಸಿದ ಮೇಲೆ ಗಾರೆಯವರ ಹತ್ತಿರ ಇರುವ ಮಟ್ಟದ ಗುಳ್ಳೆ, ಅಂದ್ರೆ ಸ್ಪಿರಿಟ್ ಲೆವೆಲ್, ತಂದು ಎಲ್ಲ ಕಡೆ ಇಟ್ಟು ನೋಡಿ. ಅದಕ್ಕಿಂತ ಸುಲಭದ ಪರೀಕ್ಷೆ ಇನ್ನೊಂದಿದೆ. ಯಂತ್ರದ ತಲೆಯನ್ನು ನಡುವಿಗೆ ತಂದು ಕೈ ಬಿಡಿ. ಅದು ತಾನಾಗಿ ಒಂದು ಕಡೆಗೆ ಉರುಳಿದರೆ ಚೌಕಟ್ಟು ಆ ಕಡೆಗೆ ಇಳಿಜಾರಾಗಿದೆ ಎಂದರ್ಥ. ಕಾಲುಗಳ ಸ್ಕ್ರೂ ತಿರುಗಿಸಿ ಸರಿ ಮಾಡಿ. ಇಳಿಜಾರಿನ ಚೌಕಟ್ಟಿನಲ್ಲಿ ಹೊಲಿದರೆ ದಿನವಿಡೀ ಯಂತ್ರವನ್ನು ತಡೆದು ಹಿಡಿಯುವುದರಲ್ಲೇ ಭುಜ ಸೋತು ಹೋಗ್ತದೆ. ಎತ್ತರವನ್ನೂ ನೋಡಿ. ಕೈ ಹಿಡಿದಾಗ ಮೊಣಕೈ ಸಹಜವಾಗಿ ಮಡಚಿರಬೇಕು, ಭುಜ ಮೇಲೆ ಏರಬಾರದು. ಎತ್ತರದವರೂ ಗಿಡ್ಡದವರೂ ಒಂದೇ ಯಂತ್ರದಲ್ಲಿ ದುಡಿಯುವುದಾದರೆ ಚೌಕಟ್ಟನ್ನು ಎತ್ತರದವರಿಗೆ ಹೊಂದಿಸಿ, ಗಿಡ್ಡದವರಿಗೆ ಕಾಲಡಿಗೆ ಉದ್ದಕ್ಕೆ ಗಟ್ಟಿ ಹಲಗೆ ಹಾಕಿಕೊಡಿ.

ಸೆರಗು ಸೊಂಟಕ್ಕೆ ಸಿಕ್ಕಿಸಿರಬೇಕು, ಜಡೆ ಕಟ್ಟಿರಬೇಕು. ಈ ಸೂಜಿ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸಲ ಇಳಿಯಬಲ್ಲದು. ಸೂಜಿಗೆ ದಾರ ಪೋಣಿಸುವಾಗ ಯಂತ್ರ ಬಂದ್ ಇರಲಿ. ಮಕ್ಕಳನ್ನು ಆ ಕೋಣೆಗೆ ಬಿಡಬೇಡಿ, ಹಳಿಯ ಮೇಲೆ ಬೆರಳಿಟ್ಟರೆ ಚಕ್ರ ಹತ್ತಿಬಿಡ್ತದೆ.

ಮೂರು ಪದರ ಹಾಸುವುದು

ನನ್ನ ಅಭಿಪ್ರಾಯದಲ್ಲಿ ಅರ್ಧ ಕೆಲಸ ಇಲ್ಲೇ ಇದೆ. ಹೊಲಿಗೆ ಆಮೇಲಿನದು.

ಚೌಕಟ್ಟಿನಲ್ಲಿ ಉದ್ದದ ರೋಲರ್‌ಗಳು ಇರ್ತವೆ. ಪ್ರತಿಯೊಂದಕ್ಕೂ ದಪ್ಪ ಬಟ್ಟೆಯ ಪಟ್ಟಿ ಅಂಟಿಸಿರ್ತಾರೆ, ಅದಕ್ಕೆ ಲೀಡರ್ ಅಂತ ಹೆಸರು. ಅಡಿ ಬಟ್ಟೆಯ ಒಂದು ಅಂಚನ್ನು ಒಂದು ರೋಲರಿನ ಲೀಡರಿಗೆ, ಎದುರಿನ ಅಂಚನ್ನು ಇನ್ನೊಂದರ ಲೀಡರಿಗೆ ಗುಂಡುಸೂಜಿ ಚುಚ್ಚಿ ಸೇರಿಸಬೇಕು. ಲೀಡರಿನ ನಡು ಭಾಗಕ್ಕೆ ಗುರುತು ಹಾಕಿ, ಬಟ್ಟೆಯ ನಡು ಭಾಗವನ್ನು ಅದಕ್ಕೆ ಹೊಂದಿಸಿ, ನಡುವಿನಿಂದ ಅಂಚುಗಳ ಕಡೆ ಚುಚ್ಚುತ್ತಾ ಹೋಗಿ. ಒಂದು ತುದಿಯಿಂದ ಶುರು ಮಾಡಿದರೆ ಇನ್ನೊಂದು ತುದಿಗೆ ಬರುವಷ್ಟರಲ್ಲಿ ಓರೆಯಾಗಿರ್ತದೆ.

ಅಡಿ ಬಟ್ಟೆ ಮತ್ತು ನಡುವಿನ ಹಾಸು ಎರಡೂ ಮೇಲ್ಬಟ್ಟೆಗಿಂತ ನಾಲ್ಕೂ ಕಡೆ 4 ಇಂಚು ದೊಡ್ಡದಾಗಿರಬೇಕು. ಮೇಲ್ಬಟ್ಟೆ 60 ಇಂಚು ಅಗಲ, 90 ಇಂಚು ಉದ್ದ ಇದ್ದರೆ ಅಡಿ ಬಟ್ಟೆ 68ಕ್ಕೆ 98 ಬೇಕು. ಬಟ್ಟೆ ಉಳಿಸೋಣ ಅಂತ ಇಲ್ಲಿ ಜುಗ್ಗತನ ಮಾಡಬೇಡಿ. ಪಕ್ಕದಿಂದ ಹಿಡಿದೆಳೆಯುವ ಕ್ಲಿಪ್ಪುಗಳಿಗೆ, ಸೂಜಿ ಅಂಚಿನವರೆಗೂ ಓಡಾಡುವುದಕ್ಕೆ, ಟೆನ್ಷನ್ ಪರೀಕ್ಷೆ ಮಾಡುವುದಕ್ಕೆ ಆ ನಾಲ್ಕು ಇಂಚೇ ಆಧಾರ.

ಬಟ್ಟೆಯ ಮಗ್ಗದ ಅಂಚು ಬಿಗಿಯಾಗಿರ್ತದೆ. ಅದನ್ನು ಕತ್ತರಿಸಿ ತೆಗೆಯದಿದ್ದರೆ ಅಂಚು ಎಳೆದುಕೊಂಡು ನಡು ಭಾಗ ಜೋತು ಬೀಳ್ತದೆ. ಎರಡು ತುಂಡು ಜೋಡಿಸಿ ಅಡಿ ಬಟ್ಟೆ ಮಾಡಿದ್ದರೆ ಆ ಜೋಡಣೆಯ ಗೆರೆ ರೋಲರಿಗೆ ಸಮಾನಾಂತರವಾಗಿ ಬರಲಿ. ಅಡ್ಡವಾಗಿ ಬಂದರೆ ಸುತ್ತಿದಷ್ಟೂ ಅದೇ ಜಾಗದಲ್ಲಿ ದಪ್ಪ ಏರ್ತಾ ಹೋಗ್ತದೆ. ಕೋರಾ ಬಟ್ಟೆಯನ್ನೂ, ಹೊಸ ಕೆಂಪು ಕಪ್ಪು ಬಟ್ಟೆಗಳನ್ನೂ ಮೊದಲೇ ನೀರಿಗೆ ಹಾಕಿ ಒಣಗಿಸಿ. ಕೋರಾ ಕುಗ್ಗುತ್ತದೆ, ಕೆಂಪು ಬಣ್ಣ ಬಿಡ್ತದೆ.

ಅಡಿ ಬಟ್ಟೆ ಕಟ್ಟಿದ ಮೇಲೆ ಅದರ ಮೇಲೆ ಹಾಸು, ಅದರ ಮೇಲೆ ಮೇಲ್ಬಟ್ಟೆ. ಇವೆರಡರ ಮೇಲಿನ ಅಂಚನ್ನು ಉದ್ದ ಟಾಕಿನಲ್ಲಿ ಒಂದು ನೇರ ಸಾಲು ಹೊಲಿದು ಹಿಡಿಸಿ. ಕೆಳಗಿನ ಭಾಗವನ್ನು ಹಾಗೇ ಮುಂದಕ್ಕೆ ಇಳಿಬಿಡಬಹುದು, ತನ್ನ ಭಾರಕ್ಕೆ ತಾನೇ ಸಮವಾಗಿ ನಿಲ್ತದೆ.

ಎಷ್ಟು ಬಿಗಿ ಮಾಡಬೇಕು? ಎಲ್ಲರೂ ಮಾಡುವ ತಪ್ಪು ಅಂದರೆ ತಮಟೆಯಂತೆ ಬಿಗಿಯುವುದು. ಕೈಯಿಂದ ಬಡಿದರೆ ಸದ್ದು ಬರುವ ಹಾಗಿದ್ದರೆ ಸೂಜಿ ಬಗ್ಗುತ್ತದೆ, ದಾರ ಕಡಿಯುತ್ತದೆ, ಬಿಚ್ಚಿದ ಮೇಲೆ ಹೊದಿಕೆ ಮುದುಡಿಕೊಳ್ಳುತ್ತದೆ. ಅಡಿಯಿಂದ ಒಂದು ಬೆರಳು ಎತ್ತಿ, ಮೇಲಿನಿಂದ ಇನ್ನೊಂದು ಕೈಯಲ್ಲಿ ಆ ಬೆರಳ ತುದಿಯನ್ನು ಹಿಡಿಯಲು ಬರಬೇಕು. ಅಷ್ಟು ಸಡಿಲ ಸಾಕು. ಪಕ್ಕದ ಕ್ಲಿಪ್ಪುಗಳೂ ಅಡಿ ಬಟ್ಟೆಯನ್ನು ಸಮ ಮಾಡುವುದಕ್ಕೆ ಮಾತ್ರ, ಎಳೆದು ಹಿಗ್ಗಿಸುವುದಕ್ಕಲ್ಲ.

ನಮ್ಮ ಹಳೇ ಸೀರೆ ಏನು ಮಾಡೋದು?

ಈ ಪ್ರಶ್ನೆ ಕೇಳಿಯೇ ಕೇಳ್ತೀರಿ. ಕೈ ಕೌದಿಗೆ ಎಂಥ ಬಟ್ಟೆಯಾದರೂ ನಡೀತದೆ. ಒಂದು ಕಡೆ ಉಬ್ಬಿದ್ದರೆ ಕೈಯಲ್ಲೇ ಒತ್ತಿ, ಮಡಚಿ, ಮೇಲೊಂದು ತುಂಡು ಇಟ್ಟು ಹೊಲೀತೀವಿ. ಸಿದ್ದಿ ಮಹಿಳೆಯರು ಕವಂದಿಯನ್ನು ಹೊರ ಅಂಚಿನಿಂದ ಶುರು ಮಾಡಿ ಸುತ್ತು ಸುತ್ತಾಗಿ ನಡುವಿಗೆ ಬರ್ತಾರೆ, ಹೊಲಿಯುತ್ತಲೇ ತುಂಡುಗಳನ್ನು ಸೇರಿಸಿಕೊಳ್ತಾರೆ. ಯಂತ್ರಕ್ಕೆ ಆ ತಾಳ್ಮೆ ಇಲ್ಲ. ಅದಕ್ಕೆ ಮೇಲ್ಬಟ್ಟೆ ಮೊದಲೇ ಪೂರ್ತಿ ಜೋಡಿಸಿ, ಇಸ್ತ್ರಿ ಮಾಡಿ, ನಾಲ್ಕು ಮೂಲೆ ಚೌಕವಾಗಿ ಇರಬೇಕು. ಉಬ್ಬಿದ ಕಡೆ ಅದು ನೆರಿಗೆ ಹಾಕಿ ಅದರ ಮೇಲೇ ಹೊಲಿದುಬಿಡ್ತದೆ.

ಹತ್ತಿ ಹಾಸಿನ ಬದಲು ಹಳೇ ಹತ್ತಿ ಸೀರೆಯನ್ನೇ ಎರಡು ಮೂರು ಪದರ ಹಾಕಬಹುದು. ಆದರೆ ಜರಿ ಅಂಚು, ಫಾಲ್, ಮಡಚಿ ಹೊಲಿದ ತುದಿ, ಇವೆಲ್ಲ ಕತ್ತರಿಸಿ ತೆಗೆದಿರಬೇಕು. ಜರಿ ದಾರವನ್ನು ಕಡಿದು ಹಾಕ್ತದೆ. ನೈಲಾನ್, ಪಾಲಿಯೆಸ್ಟರ್ ಸೀರೆ ಪದರದೊಳಗೆ ಜಾರ್ತದೆ, ಕಲಿಯುವವರಿಗೆ ಬೇಡ. ಪೂರ್ತಿ ಜೀರ್ಣವಾದ ಸೀರೆಯೂ ಬೇಡ, ಸೂಜಿ ಬಿದ್ದ ಕಡೆಯೆಲ್ಲ ಸೀಳ್ತದೆ. ಕವಂದಿಯ ಮೂಲೆಗಳಿಗೆ ಮಡಚಿ ಕೂರಿಸುವ ‘ಫೂಲ’ದಂಥ ದಪ್ಪ ಭಾಗಗಳನ್ನು ಯಂತ್ರದಿಂದ ಇಳಿಸಿದ ಮೇಲೆ ಕೈಯಲ್ಲೇ ಹೊಲಿಯಿರಿ. ಯಂತ್ರದ ಪಾದ ಅಲ್ಲಿ ಸಿಕ್ಕಿಕೊಂಡರೆ ಸೂಜಿ ಮುರಿಯುವುದು ಖಂಡಿತ.

ಒಂದು ಮಾತು ಇಲ್ಲೇ ಹೇಳಿಬಿಡ್ತೇನೆ. ಯಂತ್ರದಲ್ಲಿ ಹೊಲಿದದ್ದನ್ನು ಕೈ ಕೌದಿ ಅಂತ ಮಾರಬೇಡಿ. ಕೈ ಕೌದಿ ಕೊಳ್ಳುವವರು ಆ ಸೊಟ್ಟ ಸೊಟ್ಟ ಟಾಕಿಗೇ ಹಣ ಕೊಡುವವರು. ಎರಡಕ್ಕೂ ಬೇರೆ ಬೇರೆ ಗಿರಾಕಿಗಳಿದ್ದಾರೆ, ಬೆಲೆಯೂ ಬೇರೆ. ಕೈ ಹೊಲಿಗೆ ಚೆನ್ನಾಗಿ ಬರುವ ಹಿರಿಯರನ್ನು ಯಂತ್ರಕ್ಕೆ ಎಳೆಯಲೇಬೇಕು ಅಂತ ಇಲ್ಲ.

ದಾರ, ಸೂಜಿ ಮತ್ತು ಟೆನ್ಷನ್

ಈ ಯಂತ್ರದ ಸೂಜಿ ಮನೆಯ ಯಂತ್ರದ ಸೂಜಿಯಲ್ಲ. ಜೊತೆಗೆ ಬಂದ ಪುಸ್ತಕದಲ್ಲಿ ಯಾವ ಜಾತಿ ಅಂತ ಇದೆಯೋ ಅದನ್ನೇ ತರಿಸಿ. ಸಾಮಾನ್ಯವಾಗಿ 16 ಅಥವಾ 18 ನಂಬರಿನ ಗಟ್ಟಿ ಸೂಜಿ ಬೇಕಾಗ್ತದೆ. ಬಾಬಿನ್ ಕೂಡ ದೊಡ್ಡದು, ಹೆಚ್ಚಿನವಕ್ಕೆ ‘ಎಂ’ ಅಳತೆಯದ್ದು. ಅಗ್ಗದ, ನಾರು ನಾರಾದ ದಾರ ಹಾಕಿದರೆ ಐದು ನಿಮಿಷಕ್ಕೊಮ್ಮೆ ಕಡಿಯುತ್ತದೆ. ಕೋನಿನಲ್ಲಿ ಬರುವ ಗಟ್ಟಿ ಪಾಲಿಯೆಸ್ಟರ್ ದಾರ ಕಲಿಯುವವರಿಗೆ ಒಳ್ಳೆಯದು. ಒಂದು ಹೊದಿಕೆ ಮುಗಿದ ಮೇಲೆ, ಅಥವಾ 8ರಿಂದ 10 ಗಂಟೆ ಹೊಲಿದ ಮೇಲೆ ಸೂಜಿ ಬದಲಾಯಿಸಿ. ಮುರಿದಿಲ್ಲವಲ್ಲ ಅಂತ ತಿಂಗಳುಗಟ್ಟಲೆ ಬಿಡಬೇಡಿ.

ಈಗ ಟೆನ್ಷನ್. ನಾನು ಮೂರು ದಿನ ಬ್ಲೇಡು ಹಿಡಿದದ್ದು ಇದಕ್ಕಾಗಿ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳ್ತೇನೆ.

ಮೇಲಿನ ದಾರ, ಅಡಿಯ ದಾರ ಎರಡೂ ಹಗ್ಗ ಜಗ್ಗಾಟದ ಎರಡು ಗುಂಪಿದ್ದ ಹಾಗೆ. ಇಬ್ಬರ ಬಲ ಸಮ ಇದ್ದರೆ ಗಂಟು ಪದರಗಳ ನಡುವೆ, ಹತ್ತಿಯೊಳಗೆ ಅಡಗಿರ್ತದೆ, ಯಾವ ಕಡೆಗೂ ಕಾಣಿಸದು. ಮೇಲಿನ ದಾರ ಸಡಿಲವಾದರೆ ಅಡಿಯ ದಾರ ಅದನ್ನು ಕೆಳಗೆ ಎಳೆದುಕೊಳ್ತದೆ. ಆಗ ಅಡಿಯಲ್ಲಿ ಕುಣಿಕೆ ಬರ್ತದೆ, ಅಡಿಯ ದಾರ ನೇರ ತಂತಿಯ ಹಾಗೆ ಮಲಗಿರ್ತದೆ. ಮೇಲಿನ ದಾರ ಅತಿ ಬಿಗಿಯಾದರೆ ಅಡಿಯ ದಾರದ ಚುಕ್ಕಿಗಳು ಮೇಲೆ ಕಾಣಿಸ್ತವೆ.

ಮೊದಲು ಬಾಬಿನ್ ಕೇಸ್ ಸರಿ ಮಾಡಿ, ಆಮೇಲೆ ಮೇಲಿನದು. ತುಂಬಿದ ಬಾಬಿನ್ನನ್ನು ಕೇಸಿಗೆ ಹಾಕಿ, ದಾರದ ತುದಿ ಹಿಡಿದು ತೂಗಾಡಿಸಿ. ದಡಕ್ಕನೆ ನೆಲಕ್ಕೆ ಇಳಿದರೆ ಸಡಿಲ. ಕುಲುಕಿದರೂ ಇಳಿಯದಿದ್ದರೆ ಬಿಗಿ. ಜೇಡ ತನ್ನ ನೂಲಿನಲ್ಲಿ ಇಳಿಯುವಂತೆ, ಮೆಲ್ಲಗೆ ಕುಲುಕಿದಾಗ ಸ್ವಲ್ಪ ಇಳಿದು ನಿಲ್ಲಬೇಕು. ಕೇಸಿನ ಸಣ್ಣ ಸ್ಕ್ರೂವನ್ನು ಗಡಿಯಾರದ ಐದು ನಿಮಿಷದಷ್ಟೇ ತಿರುಗಿಸಿ, ಮತ್ತೆ ತೂಗಿ ನೋಡಿ. ಒಂದೇ ಸಲ ಅರ್ಧ ಸುತ್ತು ತಿರುಗಿಸಿದರೆ ಸ್ಕ್ರೂ ಬಿದ್ದು ಹೋಗಬಹುದು, ಅದು ಬಿದ್ದರೆ ಹುಡುಕುವುದು ರಾಗಿ ರಾಶಿಯಲ್ಲಿ ಸಾಸಿವೆ ಹುಡುಕಿದ ಹಾಗೆ. ಈ ಕೆಲಸವನ್ನು ಒಂದು ಬಿಳಿ ಟವೆಲ್ ಹಾಸಿಕೊಂಡು ಮಾಡಿ.

ಆಮೇಲೆ ಮೇಲಿನ ದಾರದ ಗುಂಡಿ. ಕಲಿಯುವಾಗ ಮೇಲೊಂದು ಬಣ್ಣ, ಅಡಿಗೊಂದು ಬಣ್ಣದ ದಾರ ಹಾಕಿ. ಮೇಲೆ ಕೆಂಪು, ಅಡಿಗೆ ನೀಲಿ. ಯಾರು ಯಾರನ್ನು ಎಳೀತಿದ್ದಾರೆ ಅಂತ ಕಣ್ಣಿಗೇ ಕಾಣಿಸ್ತದೆ. ಗಿರಾಕಿಯ ಕೆಲಸಕ್ಕೆ ಮಾತ್ರ ಎರಡೂ ಒಂದೇ ಬಣ್ಣ, ಸಣ್ಣಪುಟ್ಟ ತಪ್ಪು ಮುಚ್ಚಿ ಹೋಗ್ತದೆ.

ನೇರ ಸಾಲಿನಲ್ಲಿ ಚೆನ್ನಾಗಿ ಬಂದು ಸುತ್ತು ತಿರುಗಿಸುವಲ್ಲಿ ಮಾತ್ರ ಅಡಿಯಲ್ಲಿ ರೆಪ್ಪೆ ಕೂದಲಿನಂಥ ಸಣ್ಣ ಕುಣಿಕೆಗಳು ಬಂದರೆ, ಮೇಲಿನ ದಾರ ಸ್ವಲ್ಪ ಸಡಿಲ ಇದೆ, ಅಥವಾ ತಿರುವಿನಲ್ಲಿ ನೀವು ಜೋರು ಓಡಿಸ್ತಿದ್ದೀರಿ. ಗುಂಡಿ ಮುಟ್ಟುವ ಮೊದಲು ಕೈ ನಿಧಾನ ಮಾಡಿ ನೋಡಿ. ದಾರ ಪೋಣಿಸಿದ ದಾರಿಯನ್ನೂ ಇನ್ನೊಮ್ಮೆ ನೋಡಿ. ಟೆನ್ಷನ್ ತಟ್ಟೆಗಳ ನಡುವೆ ದಾರ ಕೂತಿರದೆ ಮೇಲೆ ತೇಲುತ್ತಿದ್ದರೆ ಎಷ್ಟು ತಿರುಗಿಸಿದರೂ ವ್ಯರ್ಥ. ನನ್ನ ಆ ಹೊದಿಕೆಯಲ್ಲಿ ಆದದ್ದು ಇದೇ.

ಹೊಸ ಬಾಬಿನ್ ಹಾಕಿದಾಗ, ದಾರದ ಬಣ್ಣ ಬದಲಿಸಿದಾಗ, ಹೊಸ ಹೊದಿಕೆ ಏರಿಸಿದಾಗ, ಪಕ್ಕದ ಆ ನಾಲ್ಕು ಇಂಚಿನಲ್ಲಿ ಒಂದು ಸುರುಳಿ ಹೊಲಿದು ಅಡಿಗೆ ಕೈ ಆಡಿಸಿ. ಒರಟು ತಾಗಿದರೆ ನಿಲ್ಲಿಸಿ. ಒಂದು ಸಣ್ಣ ಕನ್ನಡಿ, ಒಂದು ಟಾರ್ಚು ಯಂತ್ರದ ಬಳಿಯೇ ಇಟ್ಟುಕೊಳ್ಳಿ. ನೆಲಕ್ಕೆ ಬಗ್ಗದೆ ಅಡಿ ನೋಡಬಹುದು. ರೋಲರ್ ಮುಂದಕ್ಕೆ ಸುತ್ತುವ ಮೊದಲು ಪ್ರತಿ ಸಲವೂ ಇದು ಆಗಬೇಕು, ಯಾಕೆಂದರೆ ಸುತ್ತಿದ ಮೇಲೆ ಆ ಭಾಗ ಮತ್ತೆ ಕಾಣಿಸುವುದು ಕೊನೆಗೇ.

ಕೈ ಪಳಗಿಸುವುದು

ಮೊದಲ ಮೂರು ನಾಲ್ಕು ದಿನ ದಾರವೇ ಬೇಡ. ಸೂಜಿ ಮೇಲೆತ್ತಿ, ಯಂತ್ರ ಬಂದ್ ಇಟ್ಟು ಸುಮ್ಮನೆ ತಳ್ಳಿ ನಡೆಸಿ. ಅದರ ಭಾರ, ಹೊರಡುವಾಗಿನ ಜಗ್ಗು, ನಿಲ್ಲಿಸಿದಾಗ ಮುಂದಕ್ಕೆ ಹೋಗುವ ವೇಗ ಕೈಗೆ ಗೊತ್ತಾಗಲಿ. ಹಿಡಿ ಗಟ್ಟಿ ಹಿಡಿಯಬೇಡಿ. ಮಗುವಿನ ಕೈ ಹಿಡಿದು ರಸ್ತೆ ದಾಟಿಸುವಷ್ಟು ಹಿಡಿತ ಸಾಕು.

ಆಮೇಲೆ ಅಗ್ಗದ ಕೋರಾ ಬಟ್ಟೆ ಏರಿಸಿ. ಹೊಲಿಗೆ ಶುರು ಮಾಡುವಾಗ ಸೂಜಿಯನ್ನು ಒಂದು ಸಲ ಕೆಳಗೆ ಇಳಿಸಿ ಎತ್ತಿ, ಅಡಿಯ ದಾರವನ್ನು ಮೇಲಕ್ಕೆ ಎಳೆದುಕೊಳ್ಳಿ. ಎರಡೂ ದಾರ ಹಿಡಿದು ನಾಲ್ಕು ಸಣ್ಣ ಟಾಕು ಹಾಕಿ ಗಟ್ಟಿ ಮಾಡಿ ಮುಂದೆ ಹೋಗಿ. ಇದನ್ನು ಮರೆತರೆ ಅಡಿಯಲ್ಲಿ ಗುಬ್ಬಿ ಗೂಡು ಕಟ್ಟಿರ್ತದೆ.

ಮೊದಲು ನಿಮ್ಮ ಹೆಸರು ಬರೆಯಿರಿ. ಅಕ್ಷರ ಕಲಿತ ದಿನಗಳು ನೆನಪಾಗ್ತವೆ! ಸಾಕ್ಷರತಾ ತರಗತಿಯಲ್ಲಿ ಸಹಿ ಹಾಕಲು ಕಲಿತವರಿಗೆ ಇದು ಬಹಳ ಖುಷಿ ಕೊಡುವ ಅಭ್ಯಾಸ. ನಂತರ ಅಲೆ, ಸುರುಳಿ, ಬಳ್ಳಿ. ಇಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಒಂದು ದೊಡ್ಡ ಅನುಕೂಲ ಇದೆ. ಯಂತ್ರದ ವಿನ್ಯಾಸ ಅಂದರೆ ದಾರ ಕಡಿಯದೆ ಒಂದೇ ಗೆರೆಯಲ್ಲಿ ಸಾಗಬೇಕು. ಚುಕ್ಕಿಗಳ ಸುತ್ತ ಕೈ ಎತ್ತದೆ ಎಳೆ ಸುತ್ತಿಸುವ ರಂಗೋಲಿ ಹಾಕಿ ಬೆಳೆದವರಿಗೆ ಇದು ಹೊಸದೇ ಅಲ್ಲ. ಗೆರೆ ಎಲ್ಲಿಂದ ಬಂದು ಎಲ್ಲಿ ಹೊರಗೆ ಹೋಗಬೇಕು ಅಂತ ಅವರ ಕಣ್ಣಿಗೆ ಮೊದಲೇ ಗೊತ್ತು. ವಿನ್ಯಾಸವನ್ನು ಹಾಳೆ ಮೇಲೆ ಪೆನ್ಸಿಲಿನಲ್ಲಿ ಕೈ ಎತ್ತದೆ ಹತ್ತು ಸಲ ಬರೆದು, ಆಮೇಲೆ ಯಂತ್ರಕ್ಕೆ ಹೋಗಿ.

ಹಿಂಬದಿಯಿಂದ ನಡೆಸುವ ಇನ್ನೊಂದು ವಿಧಾನವೂ ಇದೆ. ಉದ್ದದ ಕಾಗದದ ಮೇಲಿನ ಚಿತ್ರವನ್ನು ಕೆಂಪು ಲೇಸರ್ ಬೆಳಕಿನ ಚುಕ್ಕಿಯಲ್ಲಿ ಹಿಂಬಾಲಿಸಿದರೆ ಸೂಜಿ ಅದನ್ನೇ ಬಟ್ಟೆಗೆ ಹೊಲೀತದೆ. ಇದಕ್ಕೆ ಪ್ಯಾಂಟೋಗ್ರಾಫ್ ಅಂತಾರೆ. ಎರಡನೇ ತಿಂಗಳಿಗೆ ಇಡಿ. ಹಿಂದೆ ನಿಂತಾಗ ಬಟ್ಟೆ ಕಾಣುವುದೇ ಇಲ್ಲ, ದಾರ ಕಡಿದದ್ದೂ ಗೊತ್ತಾಗುವುದಿಲ್ಲ.

ಒಬ್ಬರೇ ಕಲಿತು ಉಳಿದವರು ನೋಡುತ್ತಾ ಕೂರುವುದು ಬೇಡ. ಆ ಒಬ್ಬರಿಗೆ ಮದುವೆಯಾಗಿಯೋ ಬೇರೆ ಊರಿಗೆ ಹೋಗಿಯೋ ಯಂತ್ರ ಮೂಲೆಗೆ ಬೀಳ್ತದೆ. ಕಡೇ ಪಕ್ಷ ಮೂವರಾದರೂ ದಾರ ಪೋಣಿಸುವುದರಿಂದ ಟೆನ್ಷನ್ ತನಕ ಸ್ವತಃ ಮಾಡಲು ಬರಬೇಕು. ಒಬ್ಬರು ಹೊಲಿಯುವಾಗ ಇನ್ನೊಬ್ಬರು ಅಡಿ ನೋಡಲಿ.

ಎಣ್ಣೆ ಮತ್ತು ಧೂಳು

ಹತ್ತಿ ಹಾಸಿನಿಂದ ನವಿರು ಧೂಳು ಬೀಳ್ತಾನೇ ಇರ್ತದೆ. ಬಾಬಿನ್ ಬದಲಿಸುವಾಗಲೆಲ್ಲ ಸಣ್ಣ ಬ್ರಷ್ಷಿನಿಂದ ಕೊಕ್ಕೆಯ ಜಾಗ ಗುಡಿಸಿ. ಪುಸ್ತಕದಲ್ಲಿ ಹೇಳಿದ ಕಡೆ, ಹೇಳಿದಷ್ಟೇ ಎಣ್ಣೆ, ಒಂದು ತೊಟ್ಟು. ಹೊಲಿಗೆ ಯಂತ್ರದ ಬಿಳಿ ಎಣ್ಣೆ ಮಾತ್ರ. ತೆಂಗಿನೆಣ್ಣೆ ಖಂಡಿತ ಬೇಡ, ಚಳಿಗಾಲದ ಬೆಳಿಗ್ಗೆ ಅದು ಬಾಟಲಿಯಲ್ಲಿ ಗಟ್ಟಿಯಾಗುವುದನ್ನು ನೋಡಿದ್ದೀರಲ್ಲ? ಅಡುಗೆ ಎಣ್ಣೆ ಕೆಲವೇ ದಿನದಲ್ಲಿ ಅಂಟಾಗಿ ಧೂಳು ಹಿಡೀತದೆ. ಎಣ್ಣೆ ಹಾಕಿದ ಮೇಲೆ ಚಿಂದಿ ಬಟ್ಟೆಯ ಮೇಲೆ ಒಂದು ನಿಮಿಷ ಹೊಲಿದು, ನಂತರ ಗಿರಾಕಿಯ ಬಟ್ಟೆ. ಹಳಿ ಮತ್ತು ಚಕ್ರಗಳನ್ನು ಒಣ ಬಟ್ಟೆಯಿಂದ ದಿನಾ ಒರೆಸಿ, ಒಂದು ನೂಲಿನ ತುಂಡು ಸಿಕ್ಕಿಕೊಂಡರೂ ನೇರ ಗೆರೆ ಅಲ್ಲಿ ಜಿಗಿಯುತ್ತದೆ.

ಲೆಕ್ಕದ ಮಾತು

ಹಿಟ್ಟಿನ ಗಿರಣಿಯ ಮಾತಿಗೆ ಬರೋಣ. ಅಮೆರಿಕದಲ್ಲಿ ಈ ಕೂಲಿಯನ್ನು ಸಾಮಾನ್ಯವಾಗಿ ಚದರ ಇಂಚಿನ ಲೆಕ್ಕದಲ್ಲಿ ತಗೋತಾರೆ. ಉದ್ದ ಅಗಲ ಗುಣಿಸುವುದು, ದರದಿಂದ ಗುಣಿಸುವುದು. 60 ಇಂಚು, 90 ಇಂಚಿನ ಹೊದಿಕೆ ಅಂದರೆ 5400 ಚದರ ಇಂಚು. ಉದಾಹರಣೆಗೆ ಚದರ ಇಂಚಿಗೆ 10 ಪೈಸೆ ಇಟ್ಟರೆ 540 ರೂಪಾಯಿ, 20 ಪೈಸೆ ಇಟ್ಟರೆ 1080 ರೂಪಾಯಿ. ಹಾಸು ಮತ್ತು ಅಡಿ ಬಟ್ಟೆಗೆ ಬೇರೆ ಹಣ. ಸುಮ್ಮನೆ ‘ಒಂದು ಕೌದಿಗೆ ಇಷ್ಟು’ ಅಂತ ಹೇಳಿದರೆ ದೊಡ್ಡ ಕೌದಿ ತಂದವರೇ ಲಾಭ ಮಾಡಿಕೊಳ್ತಾರೆ.

ದೊಡ್ಡ ಚೌಕಟ್ಟಿನ ಹೊಸ ಯಂತ್ರಕ್ಕೆ ಹತ್ತು ಸಾವಿರ ಡಾಲರಿಗೂ ಮೇಲೆ ಬೆಲೆ ಇರುವುದು ಸಾಮಾನ್ಯ. ಅಂದರೆ ನಮ್ಮ ಲೆಕ್ಕದಲ್ಲಿ ಹಲವು ಲಕ್ಷ. ಆದ್ದರಿಂದ ಗಿರಾಕಿ ಯಾರು, ತಿಂಗಳಿಗೆ ಎಷ್ಟು ಹೊದಿಕೆ ಬರ್ತದೆ, ರಿಪೇರಿಗೆ ಯಾರು ಬರ್ತಾರೆ, ಸೂಜಿ ಬಾಬಿನ್ ಎಲ್ಲಿ ಸಿಗ್ತದೆ ಎಂಬ ನಾಲ್ಕು ಪ್ರಶ್ನೆಗೆ ಉತ್ತರ ಇಲ್ಲದೆ ಬ್ಯಾಂಕ್ ಸಾಲದ ಠರಾವು ಬರೆಯಬೇಡಿ. ತಿಂಗಳಿಗೆ ನಾಲ್ಕೈದು ಹೊದಿಕೆಯ ಕೆಲಸ ಮಾತ್ರ ಇದ್ದರೆ ಸಾಧಾರಣ ಪವರ್ ಮೆಷಿನ್ನು, ಅಗಲದ ಮೇಜು ಸಾಕು ಅಂತ ನನಗನಿಸ್ತದೆ. ನೇರ ಸಾಲಿನ ಕೌದಿ ಅದರಲ್ಲೂ ಬರ್ತದೆ.

ಯಂತ್ರ ಈಗಾಗಲೇ ಬಂದಿದ್ದರೆ ಅದರ ಪಕ್ಕ ಒಂದು ನೋಟ್‌ಬುಕ್ ಕಟ್ಟಿಡಿ. ಯಾವ ದಿನ, ಯಾರು, ಎಷ್ಟು ಗಂಟೆ, ಯಾವ ದಾರ, ಯಾವ ಸೂಜಿ, ಸೂಜಿ ಬದಲಿಸಿದ ದಿನ, ಎಣ್ಣೆ ಹಾಕಿದ ದಿನ, ಮೇಲಿನ ಗುಂಡಿ ಎಷ್ಟರಲ್ಲಿತ್ತು, ಎಲ್ಲ ಬರೆಯಿರಿ. ಯಾವ ದಾರಕ್ಕೆ ಯಾವ ಟೆನ್ಷನ್ ಅಂತ ಮುಂದಿನವರು ಮತ್ತೆ ಹುಡುಕುವುದು ತಪ್ಪುತ್ತದೆ. ಕೂಲಿ ಹಂಚುವಾಗ ಬರುವ ಜಗಳಕ್ಕೂ ಇದೇ ಪುಸ್ತಕ ಉತ್ತರ.

ಅಭ್ಯಾಸ ಮಾಡಿದ ಕೋರಾ ಬಟ್ಟೆಗಳನ್ನು ಬಿಸಾಡಬೇಡಿ. ಹಾಸು ಸಮೇತ ಹೊಲಿದದ್ದರಿಂದ ಗಟ್ಟಿ ಇರ್ತವೆ. ಕತ್ತರಿಸಿ ಬಿಸಿ ಪಾತ್ರೆ ಹಿಡಿಯುವ ಕೈಬಟ್ಟೆ, ಬಾಗಿಲ ಹಾಸು, ಸಂತೆ ಚೀಲದ ತಳ ಮಾಡಬಹುದು. ಮೊದಲನೆಯ ತುಂಡನ್ನು ಮಾತ್ರ ಹಾಗೇ ಯಂತ್ರದ ಕೋಣೆಯ ಗೋಡೆಗೆ ಹೊಡೆದಿಡಿ, ಅಡಿ ಭಾಗ ಹೊರಗೆ ಕಾಣುವ ಹಾಗೆ.